ಹಳೇ ಮಾರುತಿ ವ್ಯಾನಿನ ತುಕ್ಕು: ಗ್ಯಾಸಾ, ಸಿಓಟೂನಾ, ಆರ್ಗಾನಾ?

ಹಳೇ ಮಾರುತಿ ವ್ಯಾನ್ ಇಟ್ಟುಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಸ್ಲೈಡಿಂಗ್ ಡೋರಿನ ಕೆಳಗೆ ತೂತು ಬಿದ್ದಿದೆ. ಒಬ್ಬ ಟಿಂಕರ್ ‘ಗ್ಯಾಸಲ್ಲಿ ಎರಡೇ ದಿನದಲ್ಲಿ ಮಾಡಿಕೊಡ್ತೀನಿ’ ಅಂದ. ಇನ್ನೊಂದು ಗ್ಯಾರೇಜಿನವರು ‘ಸಿಓಟೂ ಆದ್ರೆ ಮಾತ್ರ ಕೈ ಹಾಕ್ತೀವಿ’ ಅಂತ ಡಬಲ್ ರೇಟ್ ಹೇಳಿದರು. ಮೂರನೆಯವನು ‘ಸುಮ್ನೆ ಯಾಕೆ ಸಾರ್ ಖರ್ಚು, ಫೈಬರ್ ಹಾಕಿ ಪುಟ್ಟಿ ಎಳೆದುಬಿಡೋಣ’ ಅಂದ. ಗ್ಯಾಸ್, ಸಿಓಟೂ, ಆರ್ಗಾನ್ ಅನ್ನೋದೆಲ್ಲ ತಗಡು ಬೆಸೆಯುವ, ಅಂದರೆ ವೆಲ್ಡ್ ಮಾಡುವ, ಬೇರೆ ಬೇರೆ ದಾರಿ. ಈಗ ಯಾರ ಮಾತು ಕೇಳೋದು?

ಮೂವರೂ ಸುಳ್ಳು ಹೇಳುತ್ತಿಲ್ಲ. ಮೂವರ ಉತ್ತರವೂ ಒಂದೊಂದು ಜಾಗಕ್ಕೆ ಸರಿ. ಆದರೆ ನಿಮ್ಮ ವ್ಯಾನಿನ ತೂತು ಯಾವ ಜಾಗದ್ದು ಅನ್ನೋದು ಗೊತ್ತಾಗದೆ ಮೆಷಿನ್ ಆರಿಸಲು ಬರುವುದಿಲ್ಲ.

ಈ ವ್ಯಾನ್ 1984ರಲ್ಲಿ ‘ಮಾರುತಿ ವ್ಯಾನ್’ ಅನ್ನೋ ಹೆಸರಲ್ಲೇ ಬಂತು. 1988ರಲ್ಲಿ ಓಮ್ನಿ ಆಯ್ತು. 2019ರಲ್ಲಿ ನಿಂತಿತು. ಮೊದಲ ಗಾಡಿಗಳಿಗೆ ಈಗ ನಲವತ್ತು ದಾಟಿದೆ. 796 ಸಿಸಿ ಎಂಜಿನ್‌ಗೆ ಇವತ್ತಿಗೂ ಸಾಮಾನು ಸಿಗುತ್ತದೆ, ಊರೂರಲ್ಲಿ ಮೆಕ್ಯಾನಿಕ್ ಇದ್ದಾರೆ. ಈ ಗಾಡಿಗಳನ್ನು ಗುಜರಿಗೆ ಕಳಿಸುತ್ತಿರುವುದು ಎಂಜಿನ್ ಅಲ್ಲ, ತುಕ್ಕು. ಅದರಲ್ಲೂ ಉಪ್ಪುಗಾಳಿ, ಜೋರು ಮಳೆ ಎರಡೂ ಇರುವ ಮಂಗಳೂರು, ಉಡುಪಿ, ಕಾರವಾರದ ಕಡೆ ಓಡಿದ ಗಾಡಿಯಾದರೆ ಕೇಳುವುದೇ ಬೇಡ.

ಮೊದಲು ಏನನ್ನು ನೋಡಬೇಕು

ಮೊದಲನೆಯದು, ತೂತು ಬಿದ್ದಿರುವುದು ಬರೀ ಚರ್ಮದಲ್ಲೋ ಮೂಳೆಯಲ್ಲೋ. ಬಾಗಿಲ ಹೊರತಗಡು, ಪಕ್ಕದ ಪ್ಯಾನೆಲ್, ವೀಲ್ ಆರ್ಚಿನ ಅಂಚು ಇವೆಲ್ಲ ಚರ್ಮ. ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆ (ಕೆಲವರು ರನ್ನಿಂಗ್ ಬೋರ್ಡ್ ಅಂತಾರೆ), ಫ್ಲೋರಿನ ಅಡಿಯ ಬೀಮ್‌ಗಳು, ಹಿಂದಿನ ಲೀಫ್ ಸ್ಪ್ರಿಂಗ್ ಹಿಡಿದಿರುವ ಹ್ಯಾಂಗರ್, ಸೀಟ್ ಬೆಲ್ಟಿನ ಬೋಲ್ಟ್ ಕೂತಿರುವ ಜಾಗ, ಇವೆಲ್ಲ ಭಾರ ಹೊರುವ ಮೂಳೆ. ಚರ್ಮದಲ್ಲಿ ಎಡವಿದರೆ ನೋಡಲು ಕೆಟ್ಟದು, ಅಷ್ಟೇ. ಮೂಳೆಯಲ್ಲಿ ಎಡವಿದರೆ ಜೀವಕ್ಕೇ ಕುತ್ತು.

ಎರಡನೆಯದು ಶಾಖ. ಹೊರಗಿನ ತಗಡು ಒಂದು ಮಿಲಿಮೀಟರ್‌ಗಿಂತ ತೆಳು. ಕಾದಾಗ ಹಿಗ್ಗುತ್ತದೆ, ಸುತ್ತ ತಣ್ಣಗಿರುವ ತಗಡು ಜಾಗ ಬಿಡುವುದಿಲ್ಲ, ಕೊನೆಗೆ ಉಬ್ಬುತ್ತದೆ. ವ್ಯಾನಿನ ಪಕ್ಕ ಬೇರೆ ದೊಡ್ಡದಾಗಿ ಚಪ್ಪಟೆ. ಕಾರಿನ ಬಾಗಿದ ಫೆಂಡರ್ ಮುಚ್ಚಿಕೊಳ್ಳುವ ಉಬ್ಬನ್ನು ಇದು ಮುಚ್ಚಿಕೊಳ್ಳುವುದಿಲ್ಲ.

ಮೂರನೆಯದನ್ನು ಗ್ಯಾರೇಜಿನಲ್ಲಿ ಯಾರೂ ಮಾತಾಡುವುದೇ ಇಲ್ಲ. ವೆಲ್ಡ್ ಆದ ಮೇಲೆ ಅದರ ಹಿಂಬದಿಗೆ ಕೈಯೋ ಬ್ರಷ್ಷೋ ಕೊನೆಗೆ ಸ್ಪ್ರೇ ನಳಿಗೆಯೋ ಹೋಗುತ್ತದಾ? ಯಾವ ಮೆಷಿನ್‌ನಲ್ಲೇ ಬೆಸೆಯಲಿ, ಹಿಂಬದಿಯ ಬಣ್ಣ ಸುಟ್ಟು ಬರೀ ಕಬ್ಬಿಣ ಉಳಿಯುತ್ತದೆ. ಅಲ್ಲಿಗೆ ಪ್ರೈಮರ್ ತಲುಪದಿದ್ದರೆ ಒಳಗಿಂದ ತುಕ್ಕು ಮತ್ತೆ ಶುರು. ಎರಡು ಮಳೆಗಾಲ ಕಳೆದ ಮೇಲೆ ಹೊಸ ಬಣ್ಣದ ಕೆಳಗೆ ಗುಳ್ಳೆ ಏಳುವುದು ಇದೇ ಕಾರಣಕ್ಕೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಗ್ಯಾಸೋ ಸಿಓಟೂನೋ ಅನ್ನೋದು ಆಮೇಲೆ.

ಉಳಿದದ್ದು ನಿಮಗೇ ಗೊತ್ತು: ಆ ಕೆಲಸ ಬಲ್ಲವರು ನಿಮ್ಮ ಊರಲ್ಲಿ ಇದ್ದಾರಾ, ಕೈಯಲ್ಲಿ ಎಷ್ಟಿದೆ, ಗಾಡಿ ಇನ್ನೆಷ್ಟು ವರ್ಷ ಬೇಕು.

ತೂತಿನ ಅಳತೆ ತೆಗೆಯಿರಿ

ಕಣ್ಣಿಗೆ ಕಾಣುವ ತೂತನ್ನು ನಂಬಬೇಡಿ. ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಡಬ್ ಅಂದ ಕಡೆ ತುದಿಯಿಂದ ಒತ್ತಿ. ಒಳಗೆ ಹೋದರೆ ಹೋಗಲಿ, ಅದು ಹೇಗಿದ್ದರೂ ಹೋಗಬೇಕಾದದ್ದೇ. ಒಂದು ಸಣ್ಣ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಪ್ಯಾನೆಲ್ ಮೇಲೆ ಎಳೆಯಿರಿ. ಹಿಡಿಯದೆ ಜಾರಿದ ಕಡೆ ಕಬ್ಬಿಣವಿಲ್ಲ, ಹಿಂದಿನ ಓನರ್ ತುಂಬಿಸಿದ ಪುಟ್ಟಿ ಇದೆ.

ಬಾಗಿಲ ಕೆಳಗಿನ ಪೆಟ್ಟಿಗೆಯನ್ನು ಕತ್ತರಿಸಿ ತೆರೆದಾಗ ಏನೆಲ್ಲ ಹೊರಬರುತ್ತದೆ ಅಂದರೆ ನಗು ಬರಬೇಕೋ ಅಳು ಬರಬೇಕೋ ಗೊತ್ತಾಗುವುದಿಲ್ಲ. ಪದರ ಪದರವಾಗಿ ಉದುರುವ ಕೆಂಪು ಚೂರು, ಒಣಗಿ ಗಟ್ಟಿಯಾದ ಜಂಬಿಟ್ಟಿಗೆ ಮಣ್ಣು, ಒಮ್ಮೊಮ್ಮೆ ತೂತಿಗೆ ತುರುಕಿ ಮೇಲೆ ಪುಟ್ಟಿ ಬಳಿದ ಹಳೇ ನ್ಯೂಸ್‌ಪೇಪರ್. ಕೆಳಗೆ ನೀರು ಹೋಗಲು ಕಂಪನಿಯವರೇ ಬಿಟ್ಟ ಸಣ್ಣ ರಂಧ್ರ ಮಣ್ಣಿನಿಂದ ಮುಚ್ಚಿಹೋಗಿರುತ್ತದೆ. ಎಲ್ಲದಕ್ಕೂ ಮೂಲ ಅದೇ.

ನಿಯಮ ಸರಳ: ತೂತು ರೂಪಾಯಿ ನಾಣ್ಯದಷ್ಟಿದ್ದರೆ ಕತ್ತರಿಸಬೇಕಾದದ್ದು ಅಂಗೈಯಷ್ಟು. ಹೊಳೆಯುವ ಗಟ್ಟಿ ಲೋಹ ಸಿಗುವ ತನಕ ಕತ್ತರಿಸಬೇಕು. ತುಕ್ಕಿನ ಅಂಚಿಗೆ ಬೆಸುಗೆ ಕೂರುವುದಿಲ್ಲ, ಕರಗಿ ತೂತು ಇನ್ನಷ್ಟು ದೊಡ್ಡದಾಗುತ್ತದೆ.

ವೆಲ್ಡ್ ಮಾಡದೇ ಇದ್ದರೆ?

ಫೈಬರ್ ಮ್ಯಾಟ್, ರೆಸಿನ್, ಮೇಲೆ ಪುಟ್ಟಿ. ಅಗ್ಗ, ಬೇಗ ಮುಗಿಯುತ್ತದೆ, ಶಾಖವೇ ಇಲ್ಲ. ಬಾಗಿಲ ಹೊರತಗಡಿನಲ್ಲಿ ಒಂದು ಸಣ್ಣ ತೂತು, ಗಾಡಿಯನ್ನು ಇನ್ನೊಂದು ವರ್ಷ ಓಡಿಸಿ ಮಾರುವ ಯೋಚನೆ ಅಂದರೆ ಇದು ತಪ್ಪೇನಲ್ಲ. ಕೊಳ್ಳುವವರಿಗೆ ಹೇಳಿ ಮಾರಿ, ಅಷ್ಟೇ. ಪೆಟ್ಟಿಗೆ, ಬೀಮ್, ಹ್ಯಾಂಗರ್ ಹತ್ತಿರ ಮಾತ್ರ ಇದು ಕೂಡದು. ಫೈಬರ್ ತುಕ್ಕಿಗೆ ಅಂಟಿಕೊಂಡು ನಿಲ್ಲುವುದಿಲ್ಲ, ಅದರ ಹಿಂದೆ ನೀರು ನಿಲ್ಲುತ್ತದೆ. ಮೇಲೆ ಥಳುಕು ಒಳಗೆ ಹುಳುಕು ಅನ್ನುತ್ತಾರಲ್ಲ, ಇದೇ ಅದು.

ರಿವಿಟ್ ಹೊಡೆದು ತಗಡು ಕೂರಿಸುವುದೂ ಇದೆ. ಲೋಡ್ ಹೊಡೆಯುವ ವ್ಯಾನಿನ ಫ್ಲೋರಿಗೆ, ನಡುವೆ ಸೀಲಂಟ್ ಹಾಕಿ ಮಾಡಿದರೆ ಕೆಲವು ಕಾಲ ಬರುತ್ತದೆ. ಕ್ಲಾಸಿಕ್ ಅಂತ ಉಳಿಸಿಕೊಳ್ಳುವ ಗಾಡಿಗೆ ಬೇಡ.

ಆರ್ಕ್ ವೆಲ್ಡಿಂಗ್

ಊರಿನ ಗೇಟ್-ಗ್ರಿಲ್ ಅಂಗಡಿಯಲ್ಲಿ ಇರುವುದು ಇದೇ. ಸಣ್ಣ ಇನ್ವರ್ಟರ್ ಮೆಷಿನ್ ಹತ್ತು ಸಾವಿರದ ಒಳಗೇ ಸಿಗುವುದರಿಂದ ‘ನಾನೇ ಮಾಡ್ಕೋತೀನಿ’ ಅನ್ನುವವರೂ ಮೊದಲು ಇದಕ್ಕೇ ಹೋಗುತ್ತಾರೆ. ತಗಡಿಗೆ ಇದು ಒಗ್ಗದು. ಒಂದೂವರೆ ಮಿಲಿಮೀಟರ್‌ಗಿಂತ ತೆಳುವಾದದ್ದಕ್ಕೆ 2.5 ಎಂಎಂ ರಾಡ್ ಮುಟ್ಟಿಸಿದರೆ ಬೆಸುಗೆ ಬೀಳುವ ಮೊದಲೇ ತೂತು ಬೀಳುತ್ತದೆ. ನುರಿತ ಕೈಯಾದರೆ ಹೇಗೋ ನಿಭಾಯಿಸಬಹುದು, ಆದರೆ ಯಾಕೆ?

ಆರ್ಕ್‌ಗೆ ವ್ಯಾನಿನಲ್ಲಿ ಜಾಗವೇ ಇಲ್ಲ ಅಂತಲ್ಲ. ದಪ್ಪ ಬ್ರಾಕೆಟ್, ಬಂಪರ್ ಹಿಡಿಯುವ ಕಬ್ಬಿಣ, ಕ್ಯಾರಿಯರ್ ಸ್ಟ್ಯಾಂಡ್‌ಗೆ ಚೆನ್ನಾಗಿದೆ. ಬಾಡಿ ತಗಡಿಗೆ ಮಾತ್ರ ‘ನಮ್ಮ ಗ್ರಿಲ್ ಅಂಗಡಿಯವನೇ ಹಾಕಿಕೊಡ್ತಾನೆ’ ಅಂತ ಹೋಗಬೇಡಿ.

ಗ್ಯಾಸ್ ವೆಲ್ಡಿಂಗ್

ಹಳೇ ಟಿಂಕರ್‌ಗಳ ಕೈಚಳಕ ಇರುವುದು ಇಲ್ಲೇ. ಆಕ್ಸಿಜನ್-ಅಸಿಟಿಲಿನ್ ಜ್ವಾಲೆ ಸುಮಾರು 3,100 ಡಿಗ್ರಿ ಮುಟ್ಟುತ್ತದೆ, ಕಬ್ಬಿಣ ಕರಗಲು 1,500ರ ಆಸುಪಾಸು ಸಾಕು. ಇದರ ದೊಡ್ಡ ಗುಣ ಬೆಸುಗೆ ಮೆತ್ತಗಿರುವುದು. ಹಿಂದೆ ಡಾಲಿ (ಆಸರೆಗೆ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ಸುತ್ತಿಗೆಯಲ್ಲಿ ಬಡಿದರೆ ಸೀಳುವುದಿಲ್ಲ, ಹರಡಿಕೊಂಡು ಸಮವಾಗುತ್ತದೆ. ಒಳ್ಳೆ ಟಿಂಕರ್ ಒಂದಿಂಚು ಬೆಸೆದು, ತಟ್ಟಿ, ಒದ್ದೆ ಬಟ್ಟೆ ಒತ್ತಿ ಮುಂದಕ್ಕೆ ಹೋಗುತ್ತಾನೆ. ಅಂಥವನ ಕೆಲಸಕ್ಕೆ ಪುಟ್ಟಿ ಕಾಗದದಷ್ಟು ಸಾಕು.

ಅಂಥವನು ಸಿಗದಿದ್ದರೆ? ಆಗ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಜ್ವಾಲೆ ತಗಡನ್ನು ಅಗಲಕ್ಕೆ ಕಾಯಿಸುತ್ತದೆ. ಚಪ್ಪಟೆ ಪಕ್ಕದಲ್ಲಿ ಒಂದಡಿ ಗೀಟು ಎಳೆದರೆ ಇಡೀ ಪ್ಯಾನೆಲ್ ಅಲೆ ಅಲೆಯಾಗುತ್ತದೆ. ಆ ಅಲೆ ಮುಚ್ಚಲು ಪುಟ್ಟಿ, ಪುಟ್ಟಿ ಮೇಲೆ ಪುಟ್ಟಿ. ಇನ್ನು ಬೆಂಕಿ. ಫ್ಲೋರಿನ ಮೇಲಿನ ಡಾಂಬರ್ ಶೀಟ್, ಮ್ಯಾಟ್, ಸೀಟಿನ ಫೋಮ್ ಎಲ್ಲ ತಕ್ಷಣ ಹತ್ತಿಕೊಳ್ಳುತ್ತವೆ. ಪೆಟ್ರೋಲ್ ಟ್ಯಾಂಕ್ ಅಡಿಯಲ್ಲೇ ಇದೆ. ಎಲ್‌ಪಿಜಿ ಗಾಡಿಯಾದರೆ ಸಿಲಿಂಡರ್ ಇಳಿಸದೆ ಯಾವ ವೆಲ್ಡಿಂಗ್‌ಗೂ ಒಪ್ಪಬೇಡಿ.

ಗ್ಯಾಸಲ್ಲೇ ಇನ್ನೊಂದು ದಾರಿ ಪಿತ್ತಳೆ ರಾಡ್. ಸುಮಾರು 900 ಡಿಗ್ರಿಯಲ್ಲಿ ಪಿತ್ತಳೆ ಕರಗಿ ಎರಡು ತಗಡನ್ನು ಅಂಟಿಸುತ್ತದೆ, ಶಾಖ ಕಡಿಮೆ, ಕೆಲಸ ಸಲೀಸು. ಹೊರ ಅಂಚಿನ ಸಣ್ಣ ತೂತಿಗೆ ಓಕೆ. ಆದರೆ ಫ್ಲಕ್ಸ್ ಪುಡಿ ಪೂರ್ತಿ ಉಜ್ಜಿ ತೊಳೆಯದಿದ್ದರೆ ಬಣ್ಣ ಅಲ್ಲಿಂದಲೇ ಏಳುತ್ತದೆ. ಅದಕ್ಕಿಂತ ದೊಡ್ಡ ತಕರಾರು ಮುಂದಿನದು: ಒಮ್ಮೆ ಪಿತ್ತಳೆ ಕುಡಿದ ತಗಡಿಗೆ ಆಮೇಲೆ ಸಿಓಟೂ ಹಾಕಿದರೆ ಬೆಸುಗೆ ಬಿರಿಯುತ್ತದೆ. ಮುಂದೊಂದು ದಿನ ಸರಿಯಾಗಿ ಮಾಡಿಸೋಣ ಅಂತಿದ್ದರೆ ಈಗ ಪಿತ್ತಳೆ ಬೇಡ.

ಸಿಓಟೂ, ಅಂದರೆ ಮಿಗ್

ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಕರೆಂಟಿನಲ್ಲಿ ಕರಗುವ ಬೆಸುಗೆ ತಂತಿ ತಾನಾಗಿ ಬರುತ್ತದೆ, ಶಾಖ ಒಂದು ಚುಕ್ಕೆಯಲ್ಲಿ ನಿಲ್ಲುತ್ತದೆ, ಕಲಿಯಲು ಗ್ಯಾಸಿನಷ್ಟು ವರ್ಷ ಬೇಡ. ಪೆಟ್ಟಿಗೆ, ಬೀಮ್‌ಗಳಂಥ ಭಾರ ಹೊರುವ ಕಡೆ ನಂಬಬಹುದಾದ ಬಲ ಬರುತ್ತದೆ.

ಮೆಷಿನ್ ಇದ್ದ ಮಾತ್ರಕ್ಕೆ ಆಗಲಿಲ್ಲ. ಕೆಲಸ ನೋಡಿದರೆ ಗೊತ್ತಾಗುತ್ತದೆ. ಬಲ್ಲವರು ಉದ್ದ ಗೀಟು ಎಳೆಯುವುದಿಲ್ಲ. ಎರಡು ತಗಡಿನ ಅಂಚನ್ನು ಎದುರು ಬದುರು ಕೂರಿಸಿ, ನಡುವೆ ತಗಡಿನ ದಪ್ಪದಷ್ಟೇ ಸಂದು ಬಿಟ್ಟು, ನಾಲ್ಕು ಮೂಲೆಗೆ ಒಂದೊಂದು ಚುಕ್ಕೆ ಹಾಕುತ್ತಾರೆ. ಆಮೇಲೆ ನಡು, ಆಮೇಲೆ ಅದರ ಎದುರಿನ ಕಡೆ. ಟಿಕ್, ನಿಲ್ಲಿಸು. ಟಿಕ್, ನಿಲ್ಲಿಸು. ಬರಿಗೈಯಲ್ಲಿ ಮುಟ್ಟುವಷ್ಟು ತಣ್ಣಗಾದ ಮೇಲೆ ಮುಂದಿನ ಚುಕ್ಕೆ. ಚುಕ್ಕೆಗಳೆಲ್ಲ ಕೂಡಿಕೊಳ್ಳಲು ಒಂದು ಅಂಗೈಯಗಲದ ತುಂಡಿಗೂ ಗಂಟೆ ಹಿಡಿಯುತ್ತದೆ. ಡಬಲ್ ರೇಟಿನಲ್ಲಿ ನೀವು ಕೊಡುವ ದುಡ್ಡು ಹೋಗುವುದು ಈ ಕಾಯುವಿಕೆಗೇ. ಸರ್ರ್ ಅಂತ ಒಂದೇ ಉಸಿರಿಗೆ ಎಳೆದುಬಿಟ್ಟರೆ ಸಿಓಟೂನಲ್ಲೂ ತಗಡು ಅಲೆಯಾಗುತ್ತದೆ.

ತಂತಿ 0.6 ಅಥವಾ 0.8 ಎಂಎಂ ಇರಬೇಕು. ಫ್ಯಾಬ್ರಿಕೇಷನ್ ಶೆಡ್‌ನ 1.2 ಎಂಎಂ ತಂತಿಯಲ್ಲಿ ಈ ಕೆಲಸ ಆಗದು. ಬರೀ ಸಿಓಟೂಗಿಂತ ಆರ್ಗಾನ್ ಬೆರೆತ 80-20 ಮಿಕ್ಸ್ ಗ್ಯಾಸ್ (ಆರ್ಗಾನ್ 80, ಸಿಓಟೂ 20) ತೆಳು ತಗಡಿಗೆ ಮೃದು, ಕಿಡಿಯೂ ಕಡಿಮೆ. ಮಿಗ್‌ನ ಕೊರತೆ ಒಂದೇ: ಬೆಸುಗೆ ಗಟ್ಟಿ. ಬಡಿದು ಸಮ ಮಾಡಲು ಹೋದರೆ ಬಿರುಕು ಬಿಡಬಹುದು, ಗ್ರೈಂಡರ್‌ನಲ್ಲೇ ಇಳಿಸಬೇಕು. ಗ್ರೈಂಡ್ ಮಾಡುವಾಗ ಪಕ್ಕದ ತಗಡೂ ತೆಳುವಾಗದಂತೆ ನೋಡಿಕೊಳ್ಳಬೇಕು.

ಮನೆಯಲ್ಲೇ ಕಲಿತು ಮಾಡುವವರು ಗ್ಯಾಸ್‌ಲೆಸ್ ಮಿಗ್ ಬಗ್ಗೆ ಕೇಳುತ್ತಾರೆ. ಸಿಲಿಂಡರ್ ತಲೆನೋವಿಲ್ಲ, ಗಾಳಿ ಬೀಸುವ ಅಂಗಳದಲ್ಲೂ ನಡೆಯುತ್ತದೆ. ಆದರೆ ಕಿಡಿ ಜಾಸ್ತಿ, ತೆಳು ತಗಡು ಬೇಗ ಸುಡುತ್ತದೆ. ಫ್ಲೋರ್, ಒಳಬದಿಯ ಬೀಮ್‌ಗೆ ಸಾಕು. ಹೊರ ಪ್ಯಾನೆಲ್‌ಗೆ ಇದನ್ನು ಹೇಳಲು ನನಗೆ ಮನಸ್ಸಿಲ್ಲ. ಟಾರ್ಚ್ (ತಂತಿ ಹೊರಬರುವ ಹಿಡಿ) ಮೈನಸ್‌ಗೆ ಹಾಕುವುದು ಮರೆಯಬೇಡಿ. ಸಿಲಿಂಡರ್ ಇರುವ ಮಿಗ್‌ಗೆ ಅದು ಪ್ಲಸ್, ಇದಕ್ಕೆ ತಿರುಗುಮುರುಗು.

ಆರ್ಗಾನ್ ವೆಲ್ಡಿಂಗ್, ಅಂದರೆ ಟಿಗ್

ನೋಡಲು ಚೆಂದ, ಕಿಡಿ ಇಲ್ಲ, ಬೆಸುಗೆ ಗ್ಯಾಸಿನಂತೆ ಬಡಿಯಲು ಬರುವಷ್ಟು ಮೆತ್ತಗೆ. ಗಾಡಿಯನ್ನು ಬಣ್ಣದಿಂದ ಹಿಡಿದು ಸ್ಕ್ರೂ ತನಕ ಒರಿಜಿನಲ್ ಮಾಡಬೇಕು ಅನ್ನುವವರ ಹೊರ ಪ್ಯಾನೆಲ್‌ಗೆ ಇದಕ್ಕಿಂತ ಮೇಲಿಲ್ಲ. ಆದರೆ ತಗಡು ಎರಡೂ ಬದಿ ಹೊಳೆಯುವಷ್ಟು ಸ್ವಚ್ಛವಾಗಿರಬೇಕು. ಒಂದು ಚೂರು ತುಕ್ಕು, ಎಣ್ಣೆ, ಹಳೇ ಬಣ್ಣ ಇದ್ದರೂ ಬೆಸುಗೆ ಕೆಡುತ್ತದೆ. ಗಾಡಿ ಅಡಿಯಲ್ಲಿ ಮಲಗಿ, ಒಂದು ಕೈಯಲ್ಲಿ ಟಾರ್ಚ್, ಒಂದು ಕೈಯಲ್ಲಿ ರಾಡ್, ಕಾಲಲ್ಲಿ ಪೆಡಲ್ ಅಂದರೆ ಹೇಗಾಗುತ್ತೆ ಹೇಳಿ! ಬಿಚ್ಚಿ ಟೇಬಲ್ ಮೇಲೆ ಇಡಬಹುದಾದ ಬಾಗಿಲಿಗೆ ಸರಿ, ಫ್ಲೋರಿಗೆ ದಂಡ. ಟಿಗ್ ಇರುವ ಕಡೆ ಸ್ಟೀಲ್ ರೇಲಿಂಗ್ ಮಾಡುವವರು ಸಿಗುತ್ತಾರೆ, ತಗಡು ಬಲ್ಲವರು ಕಡಿಮೆ.

ಕಂಪನಿಯಲ್ಲಿ ಈ ಗಾಡಿ ಬೆಸೆದದ್ದು ಸ್ಪಾಟ್ ವೆಲ್ಡಿಂಗ್‌ನಲ್ಲಿ. ಬೀಡಿಂಗ್ ರಬ್ಬರ್ ಎಳೆದು ನೋಡಿದರೆ ಬಾಗಿಲ ಚೌಕಟ್ಟಿನಲ್ಲಿ ಸಾಲು ಗುಂಡಿ ಕಾಣುತ್ತದೆ. ಆ ಮೆಷಿನ್ ಎಲ್ಲ ಗ್ಯಾರೇಜಿನಲ್ಲಿ ಇರುವುದಿಲ್ಲ. ಬದಲಿಗೆ ಮೇಲಿನ ತಗಡಿಗೆ 6ರಿಂದ 8 ಎಂಎಂ ತೂತು ಹೊಡೆದು ಸಿಓಟೂನಲ್ಲಿ ತುಂಬಿಸುತ್ತಾರೆ. ಬಲಕ್ಕೆ ಕೊರತೆ ಇಲ್ಲ.

ತೇಪೆಯಾ, ಇಡೀ ಪ್ಯಾನೆಲ್ಲಾ?

ತುಕ್ಕು ಒಂದೇ ಕಡೆ ಇದ್ದರೆ ತೇಪೆ. ಒಂದೇ ಪ್ಯಾನೆಲ್‌ನಲ್ಲಿ ಮೂರು-ನಾಲ್ಕು ಕಡೆ ತೂತಿದ್ದರೆ ತೇಪೆ ಹಾಕುವ ಕೂಲಿಯಲ್ಲಿ ಪ್ಯಾನೆಲ್ಲೇ ಬರುತ್ತದೆ. ಬಾಗಿಲು, ಮುಂದಿನ ಪ್ಯಾನೆಲ್‌ನಂಥವು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು, ಶಿವಾಜಿನಗರದ ಗುಜರಿ ಕಡೆ ಹಳೆಯದು ಹುಡುಕಬಹುದು. ಗುಜರಿಯದ್ದಾದರೆ ಒಳನಾಡಿನ ಗಾಡಿಯದ್ದು ನೋಡಿ. ಬಳ್ಳಾರಿ, ರಾಯಚೂರು ಕಡೆ ಓಡಿದ ಗಾಡಿಯ ಬಾಗಿಲಿಗೆ ಬಿಸಿಲಿಗೆ ಬಣ್ಣ ಹೋಗಿರಬಹುದು, ಕೆಳಅಂಚು ಗಟ್ಟಿಯಾಗಿರುತ್ತದೆ. ಅಡಿಯ ಬೀಮು, ಪೆಟ್ಟಿಗೆ ಮಾತ್ರ ಸಾಮಾನ್ಯವಾಗಿ ತಗಡು ಮಡಚಿ ಮಾಡಿಸಬೇಕು.

ತೇಪೆಗೆ ಸಿಆರ್ ಶೀಟ್ (ಸತು ಲೇಪವಿಲ್ಲದ ಬರೀ ಉಕ್ಕಿನ ತಗಡು) ತನ್ನಿ. ಹೊರಗಿನ ಭಾಗಕ್ಕೆ 20 ಗೇಜ್ (ಸುಮಾರು 0.9 ಎಂಎಂ), ಪೆಟ್ಟಿಗೆ-ಬೀಮ್‌ಗೆ 18 ಗೇಜ್ (1.2 ಎಂಎಂ). ‘ಜಿಐ ಹಾಕಿದ್ರೆ ತುಕ್ಕೇ ಹಿಡಿಯಲ್ಲ’ ಅನ್ನುವವರಿದ್ದಾರೆ. ಜಿಐ ಅಂದರೆ ಸತು ಬಳಿದ ತಗಡು. ಆ ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ, ಬೆಸುಗೆ ಜಾಲರಿಯಾಗುತ್ತದೆ. ಆ ಹೊಗೆ ಕುಡಿದ ವೆಲ್ಡರ್‌ಗೆ ರಾತ್ರಿ ಚಳಿಜ್ವರ. ಜಿಐ ಹಾಕಲೇಬೇಕಿದ್ದರೆ ಅಂಚಿನ ಸತುವನ್ನು ಗ್ರೈಂಡ್ ಮಾಡಿಯೇ ಹಾಕಬೇಕು.

ಹಳೆ ತಗಡಿನ ಮೇಲೆ ಹೊಸದನ್ನು ಹಾಗೇ ಹೊದಿಸಿ ಬೆಸೆಯುವುದು ಸುಲಭ, ಹೆಚ್ಚಿನ ಕಡೆ ಮಾಡುವುದೂ ಅದೇ. ಎರಡು ಪದರದ ನಡುವೆ ನೀರು ಸೇರಿತು ಅಂದರೆ ಹೊಸ ತಗಡೂ ಹೋಯ್ತು. ಹಿಂಬದಿಗೆ ಕೈ ಹೋಗಿ ಸೀಲಂಟ್ ಬಳಿಯಲು ಬಂದರೆ ಮಾತ್ರ ಒಪ್ಪಿಕೊಳ್ಳಿ. ಕೀಲು (ಎರಡು ತಗಡು ಸೇರುವ ಗೆರೆ) ಎಲ್ಲಿ ಬರಬೇಕು ಅನ್ನೋದನ್ನೂ ನೀವೇ ಕೇಳಿ. ಚಪ್ಪಟೆ ನಡುವಿಗಿಂತ ತಗಡು ಮಡಚಿದ ಗೆರೆಯ ಪಕ್ಕ ಬಂದರೆ ಉಬ್ಬು ತುಂಬಾ ಕಡಿಮೆ.

ಪೆಟ್ಟಿಗೆ ಕತ್ತರಿಸುವ ಮೊದಲು ಬಾಗಿಲ ಬಾಯಿಗೆ ಅಡ್ಡಲಾಗಿ ಒಂದು ಪೈಪ್ ಟ್ಯಾಕ್ ಮಾಡಿಸಿ (ತಾತ್ಕಾಲಿಕವಾಗಿ ಚುಕ್ಕೆ ಬೆಸುಗೆ ಹಾಕಿಸಿ). ಇಲ್ಲದಿದ್ದರೆ ಗಾಡಿ ನಡುವೆ ಕೂದಲಿನಷ್ಟು ಬಾಗಿದರೂ ಸಾಕು, ಎಲ್ಲ ಮುಗಿದ ಮೇಲೆ ಸ್ಲೈಡಿಂಗ್ ಡೋರ್ ಅರ್ಧಕ್ಕೇ ನಿಲ್ಲುತ್ತದೆ. ಎರಡೂ ಬದಿಯ ಪೆಟ್ಟಿಗೆಯನ್ನು ಒಟ್ಟಿಗೆ ಕತ್ತರಿಸಲು ಬಿಡಬೇಡಿ.

ಹಾಗಾದರೆ ನಿಮಗೆ ಯಾವುದು?

ದಿನಾ ಮಕ್ಕಳನ್ನು, ಸಾಮಾನು ಸಾಗಿಸುವ ಗಾಡಿ, ಬಜೆಟ್ ಬಿಗಿ: ಇರುವ ದುಡ್ಡೆಲ್ಲ ಪೆಟ್ಟಿಗೆ, ಬೀಮ್, ಹ್ಯಾಂಗರ್‌ಗೆ ಸಿಓಟೂನಲ್ಲಿ ಹಾಕಿಸಿ. ಹೊರ ಪ್ಯಾನೆಲ್‌ನ ತುಕ್ಕಿಗೆ ಕನ್ವರ್ಟರ್ (ತುಕ್ಕು ಹರಡದಂತೆ ಬಳಿಯುವ ದ್ರಾವಣ), ಪ್ರೈಮರ್ ಬಳಿದು ಮುಂದಿನ ವರ್ಷಕ್ಕೆ ಇಡಿ. ನೋಡಲು ಚೆನ್ನಾಗಿರಲ್ಲ, ಇರಲಿ ಬಿಡಿ. ಖಾಸಗಿ ಗಾಡಿಗೆ ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಇದೆ. ಅದು ಹತ್ತಿರ ಬಂದಿದ್ದರೆ ಆಗ ಹೊರಗಿನದನ್ನೂ ಸೇರಿಸಿಕೊಳ್ಳಿ.

ನಿಮ್ಮ ಊರಲ್ಲಿ ಹೆಸರು ಮಾಡಿದ ಹಳೇ ಟಿಂಕರ್ ಇದ್ದು, ಹತ್ತಿರದಲ್ಲಿ ಸಿಓಟೂ ಇಲ್ಲ: ಹೊರಗಿನ ಕೆಲಸ ಅವನ ಗ್ಯಾಸಿಗೇ ಬಿಡಿ. ಎಳಸು ಕೈಯ ಸಿಓಟೂಗಿಂತ ಪಳಗಿದ ಕೈಯ ಗ್ಯಾಸ್ ಮೇಲು. ಪುಟ್ಟಿ ಎಳೆಯುವ ಮೊದಲು ಒಮ್ಮೆ ತೋರಿಸಬೇಕು ಅಂತ ಮಾತಾಡಿಕೊಳ್ಳಿ.

ಕ್ಯಾಂಪರ್ ಮಾಡುವವರು ಒಳಗೆ ಪ್ಲೈವುಡ್, ಹಾಸಿಗೆ ಕೂರಿಸುವ ಮುಂಚೆಯೇ ಫ್ಲೋರ್ ಪೂರ್ತಿ ಮುಗಿಸಬೇಕು. ಆಮೇಲೆ ಬೆಂಕಿ ತರುವುದು ಅಪಾಯ, ಬಿಚ್ಚುವುದು ನಷ್ಟ.

1984-87ರ ಮೊದಲ ಸಾಲಿನ ವ್ಯಾನ್, ಶೋಗೆ ನಿಲ್ಲಿಸುವ ಆಸೆ, ದುಡ್ಡಿದೆ: ಅಡಿಗೆ ಸಿಓಟೂ, ಬಿಚ್ಚಬಹುದಾದ ಹೊರಭಾಗಕ್ಕೆ ಟಿಗ್ ಅಥವಾ ಒಳ್ಳೆ ಗ್ಯಾಸ್. ಎರಡು ಕಡೆ ಕೆಲಸ ಕೊಡಬೇಕಾಗಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ.

ಎರಡೂ ಬದಿ ಪೆಟ್ಟಿಗೆ ಹೋಗಿದೆ, ಹ್ಯಾಂಗರ್ ಹಿಡಿದ ಬೀಮೂ ಸ್ಕ್ರೂಡ್ರೈವರ್‌ಗೆ ಬಾಯಿ ಬಿಡುತ್ತಿದೆ, ಗಾಡಿ ಮೇಲೆ ವಿಶೇಷ ಪ್ರೀತಿಯೂ ಇಲ್ಲ ಅಂದರೆ, ಗಟ್ಟಿ ಬಾಡಿಯ ಇನ್ನೊಂದು ಓಮ್ನಿ ತಗೊಂಡು ನಿಮ್ಮ ಎಂಜಿನ್, ಸೀಟು ಬಿಡಿಭಾಗಕ್ಕೆ ಇಟ್ಟುಕೊಳ್ಳುವುದೇ ಲಾಭ.

ಗ್ಯಾರೇಜಿಗೆ ಬಿಡುವಾಗ

ಬ್ಯಾಟರಿ ಬಿಚ್ಚಿಸಿ, ಆಲ್ಟರ್ನೇಟರ್ ವೈರ್ ತೆಗೆಸಿ. ಟ್ಯಾಂಕ್ ಹತ್ತಿರದ ಕೆಲಸವಾದರೆ ಟ್ಯಾಂಕ್ ಇಳಿಸಲೇಬೇಕು. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗೆ ಉಳಿಯುವುದು ಆವಿ. ಅರ್ಥಿಂಗ್ ಕ್ಲಾಂಪ್ ವೆಲ್ಡಿನ ಪಕ್ಕದಲ್ಲೇ ಹಿಡಿಸಿ.

ರೇಟ್ ಮಾತಾಡುವಾಗ ‘ವೆಲ್ಡಿಂಗ್‌ಗೆ ಎಷ್ಟು’ ಅಂತಷ್ಟೇ ಕೇಳಬೇಡಿ. ಕತ್ತರಿಸುವುದು, ವೆಲ್ಡ್, ಎರಡೂ ಬದಿ ಜಿಂಕ್ ಪ್ರೈಮರ್, ಕೀಲಿಗೆ ಸೀಲಂಟ್, ಪೆಟ್ಟಿಗೆಯೊಳಗೆ ನಳಿಗೆ ಹಾಕಿ ವ್ಯಾಕ್ಸ್, ಅಡಿಗೆ ಅಂಡರ್‌ಕೋಟಿಂಗ್, ಇಷ್ಟೂ ಸೇರಿ ಎಷ್ಟು ಅಂತ ಕೇಳಿ. ಕಡಿಮೆ ರೇಟ್ ಹೇಳಿದವರು ಎಲ್ಲಿ ಕಡಿಮೆ ಮಾಡಿದ್ದಾರೆ ಅನ್ನೋದು ಆಗ ತಾನಾಗೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಗಾಡಿ ಬಿಡಬೇಡಿ. ಬೆಳಗ್ಗೆ ಉಜ್ಜಿದ ಬರಿ ತಗಡು ಕರಾವಳಿಯಲ್ಲಿ ಸಂಜೆಯೊಳಗೆ ಕೆಂಪಾಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆ ಕಾಲ.

ದುಡ್ಡನ್ನು ಎರಡು ಕಂತು ಮಾಡಿ: ವೆಲ್ಡ್ ಮುಗಿದು ಪುಟ್ಟಿ ಬೀಳುವ ಮುಂಚೆ ಒಂದು, ಬಣ್ಣ ಆದ ಮೇಲೆ ಇನ್ನೊಂದು. ಮೊದಲ ಕಂತು ಕೊಡಲು ನೀವೇ ಹೋಗಿ, ಟಾರ್ಚ್ ಹಿಡಿದು ಅಡಿಗೆ ಮಲಗಿ ನೋಡಿ. ಹಿಂಬದಿಯಲ್ಲಿ ಸುಟ್ಟ ನೀಲಿ ಕಲೆ ಹಾಗೇ ಇದ್ದರೆ ಪ್ರೈಮರ್ ಬಿದ್ದಿಲ್ಲ. ನೀರಿನ ರಂಧ್ರಕ್ಕೆ ಒಂದು ತಂತಿ ತುರುಕಿ, ಒಳಗೆ ಹೋದರೆ ಮಾತ್ರ ದುಡ್ಡು ಕೊಡಿ.